ಮನೇಲಿ ಎರಡು ಕಂಪ್ಯೂಟರ್, ಒಂದೇ ಜಿಮೇಲ್: ಎರಡರಲ್ಲೂ ಒಂದೇ ಥರ ಕಾಣೋ ಹಾಗೆ ಮಾಡೋದು ಹೇಗೆ

ನಮ್ಮನೇಲಿ ಕೆಳಗಡೆ ಹಾಲ್‌ನಲ್ಲಿ ಅಪ್ಪನ ಹಳೇ ಡೆಸ್ಕ್‌ಟಾಪ್, ಮಹಡಿ ಮೇಲೆ ನನ್ನ ಲ್ಯಾಪ್‌ಟಾಪ್. ಕರೆಂಟ್ ಬಿಲ್ಲು, ಇನ್ಶೂರೆನ್ಸ್ ರಸೀದಿ, ಮನೆ ಕಂದಾಯ ಎಲ್ಲದಕ್ಕೂ ಕೊಟ್ಟಿರೋದು ಒಂದೇ ಜಿಮೇಲ್ ಐಡಿ, ಎರಡರಲ್ಲೂ ಇರೋದು ಥಂಡರ್‌ಬರ್ಡ್ ಅನ್ನೋ ಮೇಲ್ ನೋಡೋ ಸಾಫ್ಟ್‌ವೇರ್. ಆದ್ರೂ ದಿನಾ ರಗಳೆ. ಬೆಳಿಗ್ಗೆ ಯಾರು ಮೊದಲು ತೆಗೀತಾರೋ ಮೇಲ್ ಅವರ ಪಾಲು, ಇನ್ನೊಬ್ಬರಿಗೆ ಬರೋದೇ ಇಲ್ಲ. ಅಪ್ಪ ಆಗಲೇ ಉತ್ತರ ಕೊಟ್ಟಿರೋದಕ್ಕೆ ನಾನೂ ಒಂದು ಉತ್ತರ ಕಳ್ಸಿ ಮರ್ಯಾದೆ ಕಳ್ಕೊಂಡಿದ್ದೂ ಉಂಟು.

ಕಾರಣ ಪಾಪ್. ಮೊದಲನೇ ಸಲ ಅಕೌಂಟ್ ಹಾಕಿಕೊಟ್ಟೋರು ಎರಡರಲ್ಲೂ ಪಾಪ್3 ಅಂತ ಹಾಕಿದ್ರು. ಪಾಪ್ ಅಂದ್ರೆ ಸರ್ವರ್‌ನಿಂದ, ಅಂದ್ರೆ ಮೇಲ್ ಇಟ್ಕೊಂಡಿರೋ ಗೂಗಲ್‌ನ ಕಂಪ್ಯೂಟರಿಂದ, ಮೇಲನ್ನ ಈ ಕಂಪ್ಯೂಟರ್‌ಗೆ ಇಳಿಸ್ಕೊಳ್ಳೋದು, ಅಷ್ಟೇ. ಓದಿದ್ದು, ಅಳ್ಸಿದ್ದು, ಫೋಲ್ಡರ್ ಮಾಡಿ ಜೋಡ್ಸಿದ್ದು ಯಾವುದೂ ವಾಪಸ್ ಸರ್ವರ್‌ಗೆ ಹೋಗಲ್ಲ. ಜೊತೆಗೆ ಜಿಮೇಲ್‌ನ ಪಾಪ್‌ನಲ್ಲಿ ಒಂದು ವಿಶೇಷ ಇದೆ, ಒಂದು ಕಂಪ್ಯೂಟರ್ ಇಳಿಸ್ಕೊಂಡ ಮೇಲನ್ನ ಅದು ಇನ್ನೊಂದಕ್ಕೆ ಕೊಡಲ್ಲ. ಯೂಸರ್‌ನೇಮ್ ಶುರು ಆಗೋ ಮುಂಚೆ ರೀಸೆಂಟ್ ಅಂತ ಇಂಗ್ಲಿಷಲ್ಲಿ ಬರೆದು ಕೋಲನ್ ಹಾಕಿದ್ರೆ ಕಳೆದ 30 ದಿನದ್ದನ್ನ ಎರಡಕ್ಕೂ ಕೊಡತ್ತೆ, ಆದ್ರೆ ಅದು ತೇಪೆ ಹಾಕಿದ ಹಾಗೆ.

ಕೆಲವರು ಇದಕ್ಕೆ ಥಂಡರ್‌ಬರ್ಡ್‌ನ ಮೇಲ್, ಸೆಟ್ಟಿಂಗ್ ಎಲ್ಲ ಇರೋ ಪ್ರೊಫೈಲ್ ಫೋಲ್ಡರನ್ನೇ ಗೂಗಲ್ ಡ್ರೈವ್‌ಗೆ ಹಾಕಿ ಎರಡೂ ಕಡೆಯಿಂದ ತೆಗೀತಾರೆ. ದಯವಿಟ್ಟು ಬೇಡ. ಎರಡೂ ಕಡೆ ಒಟ್ಟಿಗೆ ತೆರೆದಿದ್ರೆ ಒಂದು ಬರೆದಿದ್ದನ್ನ ಇನ್ನೊಂದು ತುಳಿಯತ್ತೆ, ಫೈಲ್ ಕೆಟ್ಟು ಇನ್‌ಬಾಕ್ಸ್ ಖಾಲಿ ಕಾಣತ್ತೆ, ಆಮೇಲೆ ಮನೇಲಿ ಯಾರ ಮುಖ ನೋಡೋದು. ಎರಡು ಕಂಪ್ಯೂಟರನ್ನ ಒಂದಕ್ಕೊಂದು ಹೊಂದ್ಸಕ್ಕೆ ಹೋಗದೇ ಎರಡನ್ನೂ ಸರ್ವರ್‌ಗೆ ಕಟ್ಟಿ ಹಾಕಿ. ಅದಕ್ಕಿರೋದೇ ಐಮ್ಯಾಪ್. ಹೊಸದೇನಲ್ಲ, ಸ್ಟ್ಯಾನ್‌ಫರ್ಡಲ್ಲಿ ಮಾರ್ಕ್ ಕ್ರಿಸ್ಪಿನ್ ಅನ್ನೋರು 1986ರಲ್ಲೇ ಶುರು ಮಾಡಿದ್ದು. ಇದರಲ್ಲಿ ಅಸಲಿ ಮೇಲ್ ಸರ್ವರಲ್ಲೇ ಇರತ್ತೆ, ಕೆಳಗಿನ ಡೆಸ್ಕ್‌ಟಾಪಲ್ಲಿ ಓದಿದ್ರೆ ಮಹಡಿ ಮೇಲಿನ ಲ್ಯಾಪ್‌ಟಾಪಲ್ಲೂ ಓದಿದೆ ಅಂತ ತೋರ್ಸತ್ತೆ.

ಪಾಪ್ ಅಕೌಂಟನ್ನ ಹಾಗೇ ಐಮ್ಯಾಪ್‌ಗೆ ಬದಲಾಯಿಸೋ ಬಟನ್ ಥಂಡರ್‌ಬರ್ಡಲ್ಲಿ ಇಲ್ಲ, ಹೊಸದಾಗೇ ಸೇರ್ಸಬೇಕು. ಆದ್ರೆ ಹಳೇದನ್ನ ಈಗಲೇ ಮುಟ್ಟಬೇಡಿ. ಮೊದಲು ಬ್ರೌಸರಲ್ಲಿ ಜಿಮೇಲ್ ತೆಗೆದು ಆಲ್ ಮೇಲ್‌ಗೆ ಹೋಗಿ ನಾಲ್ಕೈದು ವರ್ಷ ಹಳೇ ಮೇಲ್ ಒಂದೆರಡು ಹುಡುಕಿ ನೋಡಿ. ಸಿಕ್ಕಿದ್ರೆ ಬಚಾವ್. ನಮಗೆ ಸಿಗಲಿಲ್ಲ, ಯಾಕಂದ್ರೆ ಪಾಪ್ ಸೆಟ್ಟಿಂಗಲ್ಲಿ ಇಳಿಸ್ಕೊಂಡ ಮೇಲೆ ಜಿಮೇಲ್‌ನ ಕಾಪಿ ಅಳಿಸು ಅಂತ ಇತ್ತು, ಹಂಗಾಗಿ ಹಳೇದೆಲ್ಲ ಅಪ್ಪನ ಡೆಸ್ಕ್‌ಟಾಪಲ್ಲಿ ಮಾತ್ರ. ಏನೇ ಇರಲಿ, ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್‌ನಿಂದ ಪ್ರೊಫೈಲ್ ಫೋಲ್ಡರ್ ತೆಗೆದು, ಥಂಡರ್‌ಬರ್ಡ್ ಮುಚ್ಚಿ, ಆ ಫೋಲ್ಡರ್ ಪೂರ್ತಿ ಒಂದು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡ್ಕೊಳ್ಳಿ. ಎರಡೂ ಕಂಪ್ಯೂಟರಲ್ಲಿ. ಇದನ್ನ ಬಿಟ್ಟು ಮುಂದೆ ಹೋಗಲೇಬೇಡಿ.

ಆಮೇಲೆ ಥಂಡರ್‌ಬರ್ಡಲ್ಲಿ ಅದೇ ಜಿಮೇಲ್ ಐಡಿಯನ್ನ ಹೊಸ ಅಕೌಂಟ್ ಆಗಿ ಸೇರ್ಸಿ. ಹೆಸರು, ಐಡಿ ಕೊಟ್ರೆ ಅದೇ ಸರ್ವರ್ ಹುಡುಕ್ಕೊಳ್ಳತ್ತೆ, ಐಮ್ಯಾಪ್ ಆಯ್ಕೆ ಮಾಡಿ. ಕೈಯಲ್ಲೇ ಹಾಕೋದಾದ್ರೆ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 993, ಕಳಿಸೋದಕ್ಕೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465. ಜಿಮೇಲ್ ಒಳಗೆ ಹೋಗಿ ಐಮ್ಯಾಪ್ ಆನ್ ಮಾಡಿ ಅಂತ ಹಳೇ ವಿಡಿಯೋಗಳಲ್ಲಿ ಹೇಳ್ತಾರಲ್ಲ, ಆ ಬಟನ್ ಹುಡುಕ್ತಾ ಕೂರಬೇಡಿ, 2025ರ ಜನವರಿಯಿಂದ ಅದು ಯಾವಾಗಲೂ ಆನ್. ಗೂಗಲ್‌ನ ಲಾಗಿನ್ ಕಿಟಕಿ ಬರತ್ತೆ, ಅಲ್ಲಿ ಪಾಸ್‌ವರ್ಡ್ ಕೊಟ್ಟು ಅನುಮತಿ ಕೊಡಿ. ತುಂಬಾ ಹಳೇ ಔಟ್‌ಲುಕ್ ಇಟ್ಕೊಂಡಿರೋರಿಗೆ ಆ ಕಿಟಕಿ ಬರಲ್ಲ, ಮಾಮೂಲಿ ಪಾಸ್‌ವರ್ಡನ್ನ 2022ರ ಮೇ 30ರಿಂದ ಗೂಗಲ್ ಅಲ್ಲಿ ಒಪ್ಪಲ್ಲ, ಅದಕ್ಕೆ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ ಆ ಪ್ರೋಗ್ರಾಮಿಗೆ ಅಂತಲೇ ಗೂಗಲ್ ಕೊಡೋ 16 ಅಕ್ಷರದ ಆಪ್ ಪಾಸ್‌ವರ್ಡ್ ತಗೋಬೇಕು.

ಈಗ ಹಳೇ ಮೇಲ್ ಸಾಗ್ಸೋದು. ಇದೇ ಹೊತ್ತು ಹಿಡಿಯೋ ಕೆಲಸ. ಹೊಸ ಅಕೌಂಟಲ್ಲಿ ಒಂದು ಫೋಲ್ಡರ್ ಮಾಡಿ, ನಾನು "ಅಪ್ಪನ ಹಳೇವು" ಅಂತ ಕನ್ನಡದಲ್ಲೇ ಇಟ್ಟೆ, ಎರಡೂ ಕಡೆ ಸರಿಯಾಗೇ ಕಾಣತ್ತೆ. ಪಾಪ್ ಅಕೌಂಟಿನ ಇನ್‌ಬಾಕ್ಸಲ್ಲಿ ಇನ್ನೂರು ಮುನ್ನೂರು ಮೇಲ್ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್, ಕಾಪಿ ಟು, ಆ ಫೋಲ್ಡರ್. ಮೂವ್ ಅಲ್ಲ, ಕಾಪಿ, ಮಧ್ಯ ನೆಟ್ ಹೋದ್ರೂ ಅಸಲಿ ಇರತ್ತೆ. ಜಿಮೇಲ್ ಐಮ್ಯಾಪಲ್ಲಿ ದಿನಕ್ಕೆ 500 ಎಂಬಿ ಮಾತ್ರ ಏರ್ಸಬಹುದು, 2500 ಎಂಬಿ ಇಳಿಸ್ಬಹುದು, ಮೀರಿದ್ರೆ ಸ್ವಲ್ಪ ಹೊತ್ತು ಬ್ಲಾಕ್ ಮಾಡತ್ತೆ, ಹಂಗಾಗಿ ಎರಡು ಮೂರು ದಿನಕ್ಕೆ ಹಂಚ್ಕೊಳ್ಳಿ. 15 ಜಿಬಿಯಲ್ಲಿ ಎಷ್ಟು ಜಾಗ ಉಳಿದಿದೆ ಅಂತಾನೂ ನೋಡ್ಕೊಳ್ಳಿ, ಫೋಟೋ ಡ್ರೈವ್ ಎಲ್ಲ ಅದ್ರಲ್ಲೇ ಸೇರಿರೋದು. ಎರಡೂ ಕಡೆ ಎಣಿಕೆ ತಾಳೆ ಆಯ್ತು ಅಂದ್ಮೇಲೆ ಪಾಪ್ ಅಕೌಂಟ್ ರಿಮೂವ್ ಮಾಡಿ, ಆಗ ಮೆಸೇಜ್ ಡೇಟಾನೂ ತೆಗೀಲಾ ಅಂತ ಒಂದು ಟಿಕ್ ಬಾಕ್ಸ್ ಇರತ್ತೆ, ಅದಕ್ಕೆ ಟಿಕ್ ಹಾಕಬೇಡಿ.

ಲ್ಯಾಪ್‌ಟಾಪಲ್ಲೂ ಹೀಗೇ ಐಮ್ಯಾಪ್ ಸೇರ್ಸಿದ್ರೆ ಕೆಲಸ ಮುಗಿದ ಹಾಗೆ. ಡೆಸ್ಕ್‌ಟಾಪಲ್ಲಿ ಜಾಗ ಕಮ್ಮಿ ಇದ್ರೆ ಸಿಂಕ್ರನೈಸೇಶನ್ ಅಂಡ್ ಸ್ಟೋರೇಜ್‌ನ ಅಡ್ವಾನ್ಸ್ಡ್‌ನಲ್ಲಿ ಆಲ್ ಮೇಲ್‌ನ ಟಿಕ್ ತೆಗೀರಿ, ಇಲ್ಲಾಂದ್ರೆ ಒಂದೇ ಮೇಲ್ ಎರಡೆರಡು ಸಲ ಇಳಿಯತ್ತೆ. ಕಳ್ಸಿದ ಮೇಲ್ ಜಿಮೇಲೇ ಸೆಂಟ್‌ನಲ್ಲಿ ಇಟ್ಕೊಳ್ಳತ್ತೆ, ಎರಡೆರಡು ಕಾಣ್ತಿದ್ರೆ ಕಾಪೀಸ್ ಅಂಡ್ ಫೋಲ್ಡರ್ಸ್‌ನಲ್ಲಿ ಕಾಪಿ ಇಡೋ ಟಿಕ್ ತೆಗೀರಿ.

ಇಷ್ಟಾದ್ರೂ ಕೆಲವು ಸಿಂಕ್ ಆಗಲ್ಲ. ಥಂಡರ್‌ಬರ್ಡಲ್ಲಿ ಬರೆದ ಫಿಲ್ಟರ್, ಅಂದ್ರೆ ಮೇಲನ್ನ ತಾನೇ ವಿಂಗಡಿಸೋ ನಿಯಮ, ಆ ಕಂಪ್ಯೂಟರಿಗೆ ಮಾತ್ರ, ಅದಕ್ಕೆ ಫಿಲ್ಟರನ್ನ ಬ್ರೌಸರಲ್ಲಿ ಜಿಮೇಲ್ ಒಳಗೇ ಬರೀರಿ, ಮೊಬೈಲಿಗೂ ಆಗತ್ತೆ. ಅಡ್ರೆಸ್ ಬುಕ್ ಬೇರೆ ವ್ಯವಹಾರ, ಅದನ್ನ ಸರ್ವರ್ ಜೊತೆ ಸಿಂಕ್ ಮಾಡೋ ಕಾರ್ಡ್‌ಡ್ಯಾವ್ ಅಡ್ರೆಸ್ ಬುಕ್ ಅಂತ ಸೇರ್ಸಬೇಕು. ಇನ್ನೊಂದು, ಅಳ್ಸಿದ್ದೂ ಸಿಂಕ್ ಆಗತ್ತೆ. ಮೊದಲ ವಾರಾನೇ ಅಪ್ಪ "ಇಷ್ಟೊಂದು ಕಸ ಯಾಕೆ" ಅಂತ ಸಾಲಾಗಿ ಡಿಲೀಟ್ ಮಾಡಿದ್ರು, ನಂದೂ ಹೋಯ್ತು. ಟ್ರ್ಯಾಶಲ್ಲಿ 30 ದಿನ ಇರತ್ತೆ, ಅಷ್ಟ್ರೊಳಗೆ ನೆನಪಾದ್ರೆ ವಾಪಸ್ ತರಬಹುದು. ಅದಕ್ಕೇ ಈಗ ತಿಂಗಳಿಗೊಂದು ಸಲ ಹಾರ್ಡ್‌ಡಿಸ್ಕ್‌ಗೆ ಕಾಪಿ.

ಹಳೇ ಡೆಸ್ಕ್‌ಟಾಪಲ್ಲಿ ವಿಂಡೋಸ್ 7 ಇದ್ರೆ ಥಂಡರ್‌ಬರ್ಡ್ 115 ಕೊನೇದು, ಅದಕ್ಕಿಂತ ಹೊಸದು ಹಾಕ್ಕೊಳ್ಳಲ್ಲ. ಮತ್ತೆ ಎಲ್ಲ ಸರಿ ಇದ್ದೂ ಸರ್ಟಿಫಿಕೇಟ್ ಎರರ್ ಬರ್ತಿದ್ರೆ ಕಂಪ್ಯೂಟರಿನ ತಾರೀಕು, ಟೈಮ್ ಸರಿ ಇದೆಯಾ ನೋಡಿ. ನಾನು ಒಂದು ಗಂಟೆ ಪಾಸ್‌ವರ್ಡ್ ಬದಲಾಯಿಸ್ತಾ ಕೂತಿದ್ದೆ, ಅಪ್ಪ ಹಿಂದಿನಿಂದ ಬಂದು "ಏನೋ ಅದು, ಇಸವಿ 2009 ಅಂತ ತೋರಿಸ್ತಿದೆಯಲ್ಲೋ" ಅಂದ್ರು. ಗಡಿಯಾರ ನಡೆಸೋ ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿತ್ತು.