ಉದ್ರಿ ಪುಸ್ತಕ ಇಟ್ಟು ಬರೆದ ಹಾಸ್ಟೆಲ್ ಕಥೆ: ನನ್ನ ಅನುಭವ

ಹೊಸ ಹುಡುಗಿ ಯಾರನ್ನೂ ಕೆರೆಯಿಂದ ಎತ್ತಿ ತರದೆ, ಪಂದ್ಯವನ್ನೂ ಗೆಲ್ಲಿಸದೆ ಹಾಸ್ಟೆಲಿನವರಲ್ಲಿ ಒಬ್ಬಳಾಗುವುದು ಸಾಧ್ಯವೇ ಇಲ್ಲ ಅಂದವರಿದ್ದರು. ನಾನು ಮಕ್ಕಳಿಗೆ ಬರೆದ ಹಾಸ್ಟೆಲ್ ಕಥೆಯ ಹಸ್ತಪ್ರತಿ ಓದಿದ ಮೂವರಲ್ಲಿ ಇಬ್ಬರದು ಅದೇ ಮಾತು. 500 ಪ್ರತಿ ಖರ್ಚಾಗಿ ಎರಡನೇ ಮುದ್ರಣಕ್ಕೆ ಕೊಟ್ಟಾಗಿದೆ, ಅದಕ್ಕೇ ಈಗ ಬಾಯಿ ಬಿಡುತ್ತಿದ್ದೇನೆ.

ಮೊದಲ ಎರಡು ಕರಡು ಕೆಟ್ಟದ್ದು ಇಂಗ್ಲಿಷ್ ಬೋರ್ಡಿಂಗ್ ಶಾಲೆ ಕಥೆಗಳ ಮೇಲುಮೇಲಿನ ಸಾಮಾನನ್ನು ಹೊತ್ತು ತಂದದ್ದರಿಂದ: ನಡುರಾತ್ರಿ ಕದ್ದು ತಿನ್ನುವುದು, ಅಲ್ಲಿನ ಲಕ್ರಾಸ್ ಆಟದ ಜಾಗಕ್ಕೆ ಥ್ರೋಬಾಲ್, ಕೊನೆಗೊಂದು ಸಾಹಸ. ಎನಿಡ್ ಬ್ಲೈಟನ್ ಬರೆದ ಮ್ಯಾಲೊರಿ ಟವರ್ಸ್ (1946–51, ಆರು ಪುಸ್ತಕ) ಮತ್ತೆ ಬಿಚ್ಚಿ ನೋಡಿದಾಗ ಕೀಲು ಬೇರೆ ಕಡೆ ಸಿಕ್ಕಿತು. ಶಾಲೆಗೆ ಹೊಸಬಳಾದ ನಾಯಕಿ ಡ್ಯಾರೆಲ್‌ಗೆ ಅಲೀಷಿಯಾಳ ಸ್ನೇಹ ಬೇಕು, ಆದರೆ ಆ ಜಾಗದಲ್ಲಿ ಬೆಟ್ಟಿ ಆಗಲೇ ಕೂತಿದ್ದಾಳೆ. ಇನ್ನೊಬ್ಬ ಸಹಪಾಠಿ ಸ್ಯಾಲಿ ಹತ್ತಿರವಾಗುವುದು ಡ್ಯಾರೆಲ್ ಅವಳನ್ನು ತಳ್ಳಿ, ಅವಳು ಕಾಯಿಲೆ ಬಿದ್ದು, ತನ್ನಿಂದಲೇ ಆಯಿತೆಂದು ಡ್ಯಾರೆಲ್ ಒದ್ದಾಡಿದ ಮೇಲೆ. ನಿಜಕ್ಕೆ ಅದು ಅಪೆಂಡಿಸೈಟಿಸ್. ತುಂಬಿದ ಜಾಗ, ತೀರದ ಋಣ: ಇವೆರಡನ್ನು ಮಾತ್ರ ಇಟ್ಟುಕೊಂಡೆ.

ಪ್ರತಿ ಅಧ್ಯಾಯಕ್ಕೆ ನೋಟ್‌ಬುಕ್ಕಿನ ಒಂದು ಹಾಳೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ನಾಲ್ಕು ಕಲಂ: ಕೊಟ್ಟವಳು, ತಗೊಂಡವಳು, ಏನು, ತೀರಿತೇ. ಬಕೆಟ್ಟು, ಹೇರ್‌ಪಿನ್ನು, ಶೇಂಗಾ ಚಟ್ನಿಪುಡಿ, ಬಚ್ಚಲ ಸಾಲಿನಲ್ಲಿ ಹಿಡಿದಿಟ್ಟ ಜಾಗ, ವಾರ್ಡನ್ ಎದುರು ಆಡದೆ ನುಂಗಿದ ಮಾತು, ಎಲ್ಲವೂ ಬಾಬತ್ತೇ. 12 ಅಧ್ಯಾಯಕ್ಕೆ ಸುಮಾರು 70 ಆದವು. ಮೊದಲ ನಾಲ್ಕರಲ್ಲಿ ಹೊಸಬಳು ಬರೀ ಕೊಡುತ್ತಾಳೆ. ಚಕ್ಕುಲಿ ಡಬ್ಬಿ ಖಾಲಿಯಾಗುತ್ತದೆ, ಅವಳು ಮಾತ್ರ ಹೊರಗೇ. ಐದರಲ್ಲಿ ಅವಳೇ ಕೇಳಬೇಕು, ಅದೂ ನಾಚಿಕೆ ಬಿಟ್ಟು ಕೇಳುವಂಥದ್ದು. ಪೆನ್ಸಿಲ್ ಕೇಳಿಸಿ ನೋಡಿದೆ, ಸಪ್ಪೆ. 'ತಲೇಲಿ ಹೇನಾಗಿದೆ, ಬಾಚಿಕೊಡ್ತೀಯೇನೇ' ಅಂತ ಕೇಳಿಸಿದ ಮೇಲೆ ಕಥೆ ನಡೆಯಿತು.

ಇಬ್ಬರದೇ ಗೆಳೆತನ ಏಳನೇ ಅಧ್ಯಾಯಕ್ಕೆ ಸಾಯುತ್ತದೆ, ಮಾತಾಡಲು ಏನೂ ಉಳಿದಿರುವುದಿಲ್ಲ. ಮೂರನೆಯವಳು ಬೇಕು: ಜಾಗ ಕಳೆದುಕೊಳ್ಳುವ ಹಳೇ ಗೆಳತಿ. ಅವಳನ್ನು ಕೆಟ್ಟವಳನ್ನಾಗಿ ಮಾಡಿದರೆ ಕೆಲಸ ಸುಲಭ, ಕಥೆ ಹಾಳು. ಅವಳ ಖಾತೆಯಲ್ಲಿ ಬರಬೇಕಾದ ಬಾಕಿಯೇ ಎಲ್ಲರಿಗಿಂತ ಹೆಚ್ಚು ಇರಲಿ. ಠೂ ಬಿಟ್ಟದ್ದು ಮೂರು ದಿನ ಮೀರಬಾರದು. ನಾನು ಹದಿನೈದು ದಿನ ಎಳೆದಿದ್ದೆ; ಆರನೇ ಕ್ಲಾಸಿನ ಸುಮಾರು 30 ಹುಡುಗಿಯರಿಗೆ ಓದಿಸಿದಾಗ 'ಅಷ್ಟು ದಿನ ಜಡೆ ಯಾರು ಹಾಕಿದ್ರು?' ಅಂತ ಕೇಳಿದರು. ಸರಿಯಾದ ಪ್ರಶ್ನೆ. ಈಗ ಜಗಳದ ಸುದ್ದಿಯನ್ನು ಬೆಳಗಿನ ಪ್ರಾರ್ಥನೆಯಲ್ಲಿ ಒಂದು ವಾರೆ ಬೈತಲೆಯೇ ಹೇಳುತ್ತದೆ, ಎರಡು ಪುಟದ ಸಂಭಾಷಣೆ ಬರೆಯುವುದು ತಪ್ಪಿತು.

ಹೆಸರುಗಳೂ ಹಾಗೆಯೇ. 26 ಇದ್ದವು, 9ಕ್ಕೆ ಇಳಿಸಿದೆ. ಉಳಿದವರು ಕೆಮ್ಮು, ಚಪ್ಪಲಿ ಸದ್ದು.

ಹುಡುಗಿ ಹುಬ್ಬಳ್ಳಿ ಕಡೆಯವಳು, ಶಾಲೆ ಮೈಸೂರು ಕಡೆಯದು. ಅವಳು ಸಲಿಗೆಯಿಂದ 'ಯಾಕಲೇ' ಅಂದದ್ದು ಇವರಿಗೆ ಬೈಗುಳ. ಅವಳ ಮಾತನ್ನೆಲ್ಲ ಆ ಭಾಷೆಯಲ್ಲೇ ಬರೆದಾಗ ಓದುವ ಮಕ್ಕಳು ಎಡವಿದರು, ಮೂರೇ ಪದ ಉಳಿಸಿಕೊಂಡೆ. ಹತ್ತನೇ ಅಧ್ಯಾಯದಲ್ಲಿ ಮೈಸೂರಿನವಳೊಬ್ಬಳು ತಾನಾಗಿ 'ಯಾಕಲೇ' ಅನ್ನುತ್ತಾಳೆ. ಮೇಲೆ ಒಂದು ಸಾಲೂ ವಿವರಣೆ ಹಾಕಿಲ್ಲ. ಅಷ್ಟು ಚೆನ್ನಾಗಿ ಇನ್ನೊಂದು ಕಡೆ ಬರೆದಿಲ್ಲ ನಾನು.

ನಡುವೆ ಒಂದು ಅಧ್ಯಾಯವನ್ನು ಅಡುಗೆಯವಳ ಬಾಯಲ್ಲಿ ಹೇಳಿಸಿದ್ದೆ. ಅವಳಿಗೆ ಎಲ್ಲ ಗೊತ್ತಿರುತ್ತದೆ, ಅದೇ ತೊಂದರೆ; ಗುಟ್ಟೇ ಉಳಿಯಲಿಲ್ಲ. ಕಿತ್ತು ಹಾಕಿದೆ. ಭಾನುವಾರದ ಮೂರು ನಿಮಿಷದ ಫೋನಿನಲ್ಲಿ ಮನೆಗೆ ಹೇಳುವ ಸುಳ್ಳು ಮಾತ್ರ ಉಳಿಯಿತು.

ದುಡ್ಡು: ಡೆಮಿ 1/8 ಅಳತೆಯ ಪುಸ್ತಕ, 96 ಪುಟ, 500 ಪ್ರತಿಗೆ 30,000ದ ಆಸುಪಾಸು. ಚಿತ್ರಕ್ಕೆ 8,000, ಅದರಲ್ಲಿ ಎರಡು ಚಿತ್ರ ಕಿತ್ತು ಹಾಕಿದ ಅಧ್ಯಾಯದವು, ದಂಡ. ಬೆಲೆ 120, ಅಂಗಡಿಗೆ ಹೆಚ್ಚುಕಡಿಮೆ 40 ಪರ್ಸೆಂಟ್ ಹೋಗುತ್ತದೆ. ಸುಮಾರು 200 ಪ್ರತಿ ಶಾಲೆಗಳಿಗೆ ನೇರ ಮಾರಿದ್ದರಿಂದ ಒಟ್ಟಿನಲ್ಲಿ ಬಂಡವಾಳ ಹೊರಟಿತು.

ಕೊನೆಯ ಹಾಳೆಯಲ್ಲಿ ಒಂದು ಬಾಬತ್ತು ತೀರದೆ ಉಳಿಯುತ್ತದೆ, ಬೇಕೆಂದೇ. ಯಾವುದು, ಯಾರದು ಅಂತ ಇಲ್ಲಿ ಹೇಳುವುದಿಲ್ಲ.