ಫಿಟ್‌ನೆಸ್ ಬ್ಯಾಂಡ್ ಸಿಂಕ್ ಆಗದಿದ್ದಾಗ, ಅನ್‌ಪೇರ್ ಒತ್ತುವುದಕ್ಕೆ ಮೊದಲು

ತುಮಕೂರಿನ ಅಮಾನಿಕೆರೆ ಸುತ್ತ ಬೆಳಿಗ್ಗೆ ನಡೆಯುವವರಿಂದ ನಾನು ಹೆಚ್ಚಾಗಿ ಕೇಳುವ ದೂರು ಇದು: "ಬ್ಯಾಂಡಲ್ಲಿ 6,200 ಹೆಜ್ಜೆ ತೋರಿಸ್ತಿದೆ, ಆಪಲ್ಲಿ ನಿನ್ನೇದೇ ನಿಂತೈತೆ." ಅಂದರೆ ಬ್ಯಾಂಡಿನ ಲೆಕ್ಕ ಫೋನಿನ ಆಪಿಗೆ ಬಂದು ಸೇರುತ್ತಿಲ್ಲ, ಸಿಂಕ್ ಆಗುತ್ತಿಲ್ಲ. ಅಂಥ ಬ್ಯಾಂಡ್ ಕೈಗೆ ಬಂದರೆ ನನ್ನ ಮೊದಲ ಮಾತು, ಅನ್‌ಪೇರ್ (ಫೋನ್ ಜೊತೆಗಿನ ಜೋಡಿ ಬಿಡಿಸುವ ಬಟನ್) ಒತ್ತಬೇಡಿ. ಹಲವು ಬ್ಯಾಂಡ್‌ಗಳು ಅನ್‌ಪೇರ್ ಆದ ಕೂಡಲೇ ಮೆಮೊರಿ ಅಳಿಸಿಕೊಳ್ಳುತ್ತವೆ. ಫೋನಿಗೆ ಇನ್ನೂ ಬಾರದ ಲೆಕ್ಕ ಅಲ್ಲಿಗೇ ಹೋಯಿತು.

ಹೆಜ್ಜೆ ಎಣಿಸುವುದು ಫೋನಲ್ಲ, ಬ್ಯಾಂಡೇ. ಒಳಗಿನ ಅಕ್ಸೆಲೆರೋಮೀಟರ್ ಕೈಯ ಚಲನೆ ಅಳೆಯುತ್ತದೆ, ಹಸಿರು ದೀಪ ನಾಡಿ ನೋಡುತ್ತದೆ, ಬಂದ ಲೆಕ್ಕ ಬ್ಯಾಂಡಿನ ಮೆಮೊರಿಯಲ್ಲೇ ಕೂರುತ್ತದೆ. (ಮುದ್ದೆ ತೊಳಸುವಾಗಲೂ ಹೆಜ್ಜೆ ಏರುತ್ತದೆ. ಅದು ಎಣಿಕೆಯ ತಪ್ಪು, ಸಿಂಕಿನದಲ್ಲ.) ಎಷ್ಟು ದಿನದ್ದು ಉಳಿಯುತ್ತದೆ ಎಂಬುದು ಮಾಡೆಲ್ ಮೇಲೆ ಹೋಗುತ್ತದೆ. ಫಿಟ್‌ಬಿಟ್ ಕಂಪನಿಯ ಬ್ಯಾಂಡಿನಲ್ಲಿ ನಿಮಿಷ ನಿಮಿಷದ ವಿವರ ಸುಮಾರು 7 ದಿನ, ದಿನದ ಮೊತ್ತ 30 ದಿನ. ಹಾಗಾಗಿ ಒಂದೆರಡು ದಿನ ಸಿಂಕ್ ಆಗದಿದ್ದರೆ ಗಾಬರಿ ಬೇಡ.

ಸಿಂಕ್ ಎನ್ನುವುದರಲ್ಲಿ ಎರಡು ದಾರಿಗಳಿವೆ. ಬ್ಯಾಂಡಿನಿಂದ ಫೋನಿಗೆ ಬ್ಲೂಟೂತ್ ಲೋ ಎನರ್ಜಿ, ಅಂದರೆ 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದ ಕಡಿಮೆ ವಿದ್ಯುತ್ತಿನ ವಿಧಾನ. ಫೋನಿನಿಂದ ಕಂಪನಿಯ ಸರ್ವರ್‌ಗೆ ಇಂಟರ್ನೆಟ್. ಹೆಚ್ಚಿನ ಆಪ್‌ಗಳಲ್ಲಿ ಮೊದಲ ದಾರಿಗೆ ನೆಟ್ ಬೇಕಿಲ್ಲ. ದೇವರಾಯನದುರ್ಗದ ಕಡೆ ಹೋಗಿ ಸಿಗ್ನಲ್ ತಪ್ಪಿದರೂ ಲೆಕ್ಕ ಫೋನಿಗೆ ಬಂದು ಕಾಯುತ್ತದೆ. ಫಿಟ್‌ಬಿಟ್ ಬೇರೆ ರೀತಿ, ಅಲ್ಲಿ ಫೋನ್ ಬರೀ ಸೇತುವೆ, ನೆಟ್ ಇಲ್ಲದಿದ್ದರೆ ಸಿಂಕ್ ಪೂರ್ತಿಯಾಗದು. ಯಾವ ದಾರಿ ಕಟ್ಟಿದೆ ಎಂದು ತಿಳಿಯದೆ ಬಟನ್ ಒತ್ತಿ ಫಲವಿಲ್ಲ.

ನಾನು ಮೊದಲು ನೋಡುವುದು ಬ್ಯಾಂಡ್ ಬೇರೆ ಫೋನನ್ನು ಹಿಡಿದುಕೊಂಡಿದೆಯೇ ಎಂದು. ಸಂಪರ್ಕ ಇಲ್ಲದ ಬ್ಯಾಂಡ್ ಬ್ಲೂಟೂತಿನ 37, 38, 39ನೇ ಚಾನೆಲ್‌ಗಳಲ್ಲಿ "ನಾನಿಲ್ಲಿದ್ದೇನೆ" ಎಂದು ಕೂಗುತ್ತಿರುತ್ತದೆ. ಒಂದು ಫೋನ್ ಸಿಕ್ಕಿದ ಮೇಲೆ ಹಲವು ಬ್ಯಾಂಡ್‌ಗಳು ಕೂಗು ನಿಲ್ಲಿಸುತ್ತವೆ. ಮನೆಯ ಹಳೇ ಫೋನ್ ಚಾರ್ಜಿನಲ್ಲಿದ್ದು ಅದರ ಬ್ಲೂಟೂತ್ ಆನ್ ಇದ್ದರೆ ಹೊಸ ಫೋನಿಗೆ ಬ್ಯಾಂಡ್ ಕಾಣುವುದೇ ಇಲ್ಲ. ಹಳೆಯದರಲ್ಲಿ ಬ್ಲೂಟೂತ್ ಆಫ್ ಮಾಡಿ ನೋಡಿ.

ಆಮೇಲೆ ಪರ್ಮಿಷನ್. ಆಂಡ್ರಾಯ್ಡ್ 6ರಿಂದ 11ರವರೆಗೆ ಬ್ಯಾಂಡ್ ಹುಡುಕಲು ಲೊಕೇಶನ್ ಪರ್ಮಿಷನ್ ಬೇಕು, ಲೊಕೇಶನ್ ಸ್ವಿಚ್ ಕೂಡ ಆನ್ ಇರಬೇಕು. ಬ್ಲೂಟೂತ್ ಸ್ಕ್ಯಾನಿನಿಂದ ಫೋನ್ ಎಲ್ಲಿದೆ ಎಂದು ಊಹಿಸಬಹುದು, ಅದಕ್ಕೇ ಆ ಕಟ್ಟುಪಾಡು. 12ರಿಂದ 'ನಿಯರ್‌ಬೈ ಡಿವೈಸಸ್' ಎಂಬ ಬೇರೆ ಪರ್ಮಿಷನ್ ಬಂತು. ನಡಿಗೆಯ ನಕ್ಷೆಗೆ ಫೋನಿನ ಜಿಪಿಎಸ್ ಬಳಸುವ ಬ್ಯಾಂಡ್‌ಗಳಿಗೆ ಲೊಕೇಶನ್ ಈಗಲೂ ಬೇಕು.

ನಾನು ನೋಡಿದ ಮಟ್ಟಿಗೆ ಮುಕ್ಕಾಲು ಪಾಲು ತೊಂದರೆ ಇರುವುದು ಬ್ಯಾಟರಿ ಉಳಿತಾಯದಲ್ಲಿ. ಸ್ಕ್ರೀನ್ ಆರಿದ ಮೇಲೆ ಫೋನ್ ಆಪನ್ನು ಮಲಗಿಸಿಬಿಡುತ್ತದೆ. ಆಪ್ ತೆರೆದಾಗ ಮಾತ್ರ ಸಿಂಕ್ ಆಗುತ್ತಿದ್ದರೆ ಇದೇ ಕಾರಣ. ಸೆಟ್ಟಿಂಗ್ಸ್, ಆಪ್ಸ್, ಆ ಆಪ್, ಬ್ಯಾಟರಿ ಎಂದು ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಇಡಿ. 'ಆಟೋಸ್ಟಾರ್ಟ್' ಎಂಬುದು ಇದ್ದರೆ ಅದನ್ನೂ ಆನ್ ಮಾಡಿ. ಐಫೋನ್‌ನಲ್ಲಿ ಆಪನ್ನು ಮೇಲಕ್ಕೆ ತಳ್ಳಿ ಮುಚ್ಚುವ ಅಭ್ಯಾಸ ಬಿಡಬೇಕು. ಹಾಗೆ ಮುಚ್ಚಿದರೆ ಮತ್ತೆ ತೆರೆಯುವವರೆಗೆ ಹಿನ್ನೆಲೆಯ ಸಿಂಕ್ ನಿಂತಿರುತ್ತದೆ.

ಇಷ್ಟಾಗಿಯೂ ಅರ್ಧದಲ್ಲಿ ನಿಂತರೆ ಸಿಗ್ನಲ್ ನೋಡುತ್ತೇನೆ. ಬ್ಲೂಟೂತಿನದು 2.4 ಗಿಗಾಹರ್ಟ್ಸ್ ಅಲೆ, ಮೈಯಲ್ಲಿರುವ ನೀರು ಅದನ್ನು ಹೀರುತ್ತದೆ. ಬ್ಯಾಂಡ್ ಎಡಗೈಲಿ, ಫೋನ್ ಬಲ ಹಿಂಜೇಬಲ್ಲಿ ಇದ್ದರೆ ನಡುವೆ ಇಡೀ ದೇಹ ಅಡ್ಡ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನ ನೂಕುನುಗ್ಗಲಲ್ಲಿ, ಅಷ್ಟೂ ಜನರ ಇಯರ್‌ಫೋನ್‌ಗಳ ನಡುವೆ, ವಾರದ ಲೆಕ್ಕ ಎಳೆಯಲು ಕೂರಬೇಡಿ. ನಿಮಿಷಕ್ಕೆ 4 ಬೈಟ್ ಎಂದಿಟ್ಟುಕೊಂಡರೂ ದಿನಕ್ಕೆ 5,760 ಬೈಟ್. ಒಂದು ಪ್ಯಾಕೆಟ್ಟಿಗೆ 20 ಬೈಟಿನಂತೆ ಕಳಿಸಿದರೆ ದಿನಕ್ಕೆ 288 ಪ್ಯಾಕೆಟ್, ವಾರಕ್ಕೆ 2,016. ಹೊಸ ಫೋನುಗಳು ದೊಡ್ಡ ಪ್ಯಾಕೆಟ್ ಒಪ್ಪಿಕೊಳ್ಳುವುದರಿಂದ ಬೇಗ ಮುಗಿಯುತ್ತದೆ. ಆದರೂ ವಾರದ್ದು ಬಾಕಿ ಇದ್ದರೆ ಬ್ಯಾಂಡ್, ಫೋನ್ ಎರಡನ್ನೂ ಒಂದು ಮೇಜಿನ ಮೇಲಿಟ್ಟು, ಆಪ್ ತೆರೆದು, ಸ್ಕ್ರೀನ್ ಆರಗೊಡದೆ 5 ನಿಮಿಷ ಬಿಟ್ಟುಬಿಡುತ್ತೇನೆ.

ಅದಕ್ಕೂ ಬಗ್ಗದಿದ್ದರೆ ಬ್ಲೂಟೂತ್ 10 ಸೆಕೆಂಡ್ ಆಫ್, ಫೋನ್ ರೀಸ್ಟಾರ್ಟ್, ಬ್ಯಾಂಡ್ ರೀಸ್ಟಾರ್ಟ್, ಇದೇ ವರಸೆ. ಬ್ಯಾಂಡಿನ ಮೆನುವಿನಲ್ಲಿ 'ರೀಸ್ಟಾರ್ಟ್' ಪಕ್ಕದಲ್ಲೇ 'ಫ್ಯಾಕ್ಟರಿ ರೀಸೆಟ್' ಇರುವುದುಂಟು, ಬೆರಳು ಜೋಪಾನ. ಆಪಿನಲ್ಲಿ 'ಕ್ಲಿಯರ್ ಕ್ಯಾಶ್' ಮಾಡಬಹುದು, 'ಕ್ಲಿಯರ್ ಡೇಟಾ' ಬೇಡ. ಸರ್ವರ್‌ಗೆ ಹೋಗದ ಲೆಕ್ಕ ಅದರಲ್ಲಿ ಅಳಿಯುತ್ತದೆ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ 'ಫರ್ಗೆಟ್' ಕೂಡ ಸುಮ್ಮನೆ ಒತ್ತಬಾರದು. ಜೋಡಿಯ ಕೀ (ಎರಡೂ ಒಂದನ್ನೊಂದು ಗುರುತಿಸುವ ಗುಟ್ಟಿನ ಸಂಖ್ಯೆ) ಫೋನಿನಿಂದ ಅಳಿದು ಬ್ಯಾಂಡಿನಲ್ಲಿ ಮಾತ್ರ ಉಳಿದರೆ ಎರಡೂ ಒಂದನ್ನೊಂದು ಗುರುತಿಸುವುದಿಲ್ಲ, ಆಗ ಕೊನೆಗೆ ರೀಸೆಟ್ಟೇ ಗತಿ. ಹೊಸದಾಗಿ ಜೋಡಿಸುವಾಗಲೂ ಆ ಪಟ್ಟಿಗೆ ಹೋಗದೆ ಆಪ್ ಒಳಗಿಂದಲೇ ಜೋಡಿಸಿ.

ಹೆಜ್ಜೆ ಸರಿಸುಮಾರು ದುಪ್ಪಟ್ಟು ಕಂಡರೆ ಬ್ಯಾಂಡಿನ ಲೆಕ್ಕದ ಜೊತೆ ಫೋನಿನ ಸ್ವಂತ ಲೆಕ್ಕವೂ ಕೂಡುತ್ತಿರಬಹುದು. ಹಲವು ಆಪ್‌ಗಳ ಆರೋಗ್ಯದ ಲೆಕ್ಕ ಒಂದೆಡೆ ಸೇರಿಸುವ ಆಂಡ್ರಾಯ್ಡಿನ ಹೆಲ್ತ್ ಕನೆಕ್ಟ್ ಬಳಸುತ್ತಿದ್ದರೆ ಡೇಟಾ ಮೂಲಗಳ ಪಟ್ಟಿಯಲ್ಲಿ ಬ್ಯಾಂಡಿನ ಆಪನ್ನು ಮೇಲಕ್ಕೆ ಎಳೆದಿಡಿ. ಚಾರ್ಜ್ ಪೂರ್ತಿ ಖಾಲಿಯಾಗಿ ನಿಂತ ಬ್ಯಾಂಡನ್ನು ಚಾರ್ಜ್ ಮಾಡಿದ ಮೇಲೆ ಕೈಗೆ ಕಟ್ಟುವ ಮೊದಲೇ ಒಮ್ಮೆ ಸಿಂಕ್ ಮಾಡಿ. ಅದರ ಗಡಿಯಾರ ಫೋನಿನಿಂದ ಸಮಯ ಪಡೆಯುತ್ತದೆ, ಇಲ್ಲದಿದ್ದರೆ ಇವತ್ತಿನ ನಡಿಗೆ ಯಾವುದೋ ತಾರೀಖಿನ ಲೆಕ್ಕಕ್ಕೆ ಬಿದ್ದೀತು.