ದಾರಿ ಪಕ್ಕದ ವೀರಗಲ್ಲನ್ನು ಓದುವುದು ಹೇಗೆ?

ಕೆರೆ ಏರಿಯ ಮೇಲೆ, ಅರಳಿಕಟ್ಟೆಯ ಹಿಂದೆ, ಬಸ್ ಸ್ಟಾಪಿನ ಪಕ್ಕದ ಬೇಲಿಯಲ್ಲಿ ಅರ್ಧ ಹೂತುಹೋದ ಕೆತ್ತನೆ ಕಲ್ಲು ನಿಮ್ಮೂರಲ್ಲೂ ಇರಬಹುದು. ಕರ್ನಾಟಕದಲ್ಲಿ ಇಂಥವು ಸಾವಿರಾರು ಇವೆ. ಶಿಕಾರಿಪುರ, ಸೊರಬದ ಕಡೆ ಹೋದರಂತೂ ಊರೂರಲ್ಲೂ ಸಿಗುತ್ತವೆ. ಇವುಗಳಲ್ಲಿ ಬಹಳಷ್ಟು ವೀರಗಲ್ಲುಗಳು, ಅಂದರೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದವು. ರಾಜರ ಕಥೆ ಪಠ್ಯಪುಸ್ತಕದಲ್ಲಿ ಸಿಗುತ್ತದೆ, ಆದರೆ ಊರಿನ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಥೆ ಬೇಕಂದ್ರೆ ಈ ಕಲ್ಲಿನ ಮುಂದೆಯೇ ಕೂರಬೇಕು. ಓದುವುದು ಕಷ್ಟವೇನಲ್ಲ.

ಮೊದಲ ವಿಷಯ, ಕೆಳಗಿನಿಂದ ಮೇಲಕ್ಕೆ ನೋಡಿ. ಸಾಮಾನ್ಯವಾಗಿ ಮೂರು ಹಂತ ಇರುತ್ತವೆ. ಕೆಳಗೆ ಕಾಳಗ. ಮಧ್ಯದಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಕರೆದೊಯ್ಯುತ್ತಿರುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ಪಕ್ಕದಲ್ಲಿ ನಂದಿ, ಪೂಜೆ ಮಾಡುವವನು. ಲಿಂಗದ ಜಾಗದಲ್ಲಿ ಜಿನ ಇದ್ದರೆ ಸತ್ತವನು ಜೈನ ಅಂತ ತಿಳಿಯಬಹುದು. ತುದಿಯಲ್ಲಿ ಸೂರ್ಯ ಚಂದ್ರ ಇರುತ್ತವೆ, ಅವು ಇರೋವರೆಗೂ ಇವನ ಹೆಸರು ಇರಲಿ ಅಂತ. ಗಂಗರ ಕಾಲದ ಹಳೆಯ ಕಲ್ಲುಗಳಲ್ಲಿ ಈ ಮೂರು ಹಂತ ಇಲ್ಲದೆ ಒಂದೇ ದೊಡ್ಡ ದೃಶ್ಯ ಇರುವುದೂ ಉಂಟು.

ಜಾಸ್ತಿ ಹೊತ್ತು ನೋಡಬೇಕಾದ್ದು ಕೆಳಗಿನ ಹಂತವನ್ನು. ಹಸುಗಳ ಸಾಲು ಕಂಡರೆ ಅದು ತುರುಗೊಳ್, ದನ ಹಿಡಿದುಕೊಂಡು ಹೋಗುವವರ ಜೊತೆ ನಡೆದ ಜಗಳ. ಆಗ ದನವೇ ಆಸ್ತಿ, ಹಾಗಾಗಿ ಇಂಥ ಕಲ್ಲುಗಳು ತುಂಬಾ ಇವೆ. ಹೆಂಗಸರ ಮಾನ ಉಳಿಸಲು ಹೋಗಿ ಸತ್ತವರಿಗೂ ಕಲ್ಲಿದೆ. ಹುಲಿ, ಹಂದಿ ಜೊತೆ ಹೋರಾಡಿದವರಿಗೂ ಇದೆ. ಕೊನೆಗೆ ನಾಯಿಗೂ ಇದೆ!

ಅದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. 949ರ ಸುಮಾರಿಗೆ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ ಆಯಿತು. ಕೃಷ್ಣನ ಕಡೆ ಗಂಗರ ಬೂತುಗ ಇದ್ದ, ಅವನ ಕೈಕೆಳಗೆ ಮಣಲೇರ ಎಂಬ ವೀರ. ಮಣಲೇರನ ಹೋರಾಟ ಮೆಚ್ಚಿ ಬೂತುಗ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ನಾಯಿ ದೊಡ್ಡ ಕಾಡುಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಮಣಲೇರ ಕಲ್ಲು ಹಾಕಿಸಿ, ಅದರ ಪೂಜೆಗೆ ಜಮೀನನ್ನೂ ಬಿಟ್ಟ. ನಾಯಿ ಮತ್ತು ಹಂದಿ ಕಾದಾಡುವುದನ್ನು ಅದರಲ್ಲೇ ಕೆತ್ತಿದ್ದಾರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋಗಿ ನೋಡಿ. ಆ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತದ್ದನ್ನೂ ಈ ಶಾಸನ ಹೇಳುತ್ತದೆ, ಅಂದರೆ ಒಂದು ನಾಯಿಯ ನೆಪದಲ್ಲಿ ದೊಡ್ಡ ಯುದ್ಧದ ಸುದ್ದಿಯೂ ಕಲ್ಲಿನಲ್ಲಿ ಉಳಿಯಿತು.

ಇನ್ನು ಅಕ್ಷರ. ಹಂತಗಳ ನಡುವಿನ ಪಟ್ಟಿಯಲ್ಲಿ, ಕೆಲವು ಸಲ ಅಂಚಿನಲ್ಲಿ ಇರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣಲ್ಲ, ನಿಜವಾಗಿಯೂ ಕಾಣಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ, ಬಿಸಿಲು ಓರೆಯಾಗಿ ಬಿದ್ದಾಗ ತೋಡಿದ ಗೆರೆಗಳಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಇಲ್ಲವಾದರೆ ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು ಬೆಳಕನ್ನು ಅಡ್ಡಲಾಗಿ ಹಾಯಿಸಿ, ಒಂದು ಸಲ ಎಡದಿಂದ, ಒಂದು ಸಲ ಬಲದಿಂದ, ಪ್ರತಿ ಸಲವೂ ಫೋಟೊ ತೆಗೆಯಿರಿ. ಧೂಳನ್ನು ಮೆತ್ತನೆ ಬ್ರಷ್‌ನಿಂದ ಒರೆಸಿದರೆ ಸಾಕು. ದಯವಿಟ್ಟು ತಂತಿ ಬ್ರಷ್, ಆಸಿಡ್, ಬಣ್ಣ ಬೇಡ. ಅಕ್ಷರದ ಮೇಲೆ ಸೀಮೆಸುಣ್ಣ ತಿದ್ದುವುದೂ ಬೇಡ, ತಪ್ಪಾಗಿ ತಿದ್ದಿದರೆ ಮುಂದೆ ಬಂದವರೂ ಅದನ್ನೇ ಓದುತ್ತಾರೆ.

ಎಲ್ಲ ಕಲ್ಲೂ ವೀರಗಲ್ಲಲ್ಲ ಅನ್ನೋದು ನೆನಪಿರಲಿ. ಬಳೆ ತೊಟ್ಟ ಕೈಯೊಂದು ಕಂಬದಿಂದ ಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿಸಿದ್ದರೆ ಮಾಸ್ತಿಕಲ್ಲು, ಗಂಡನ ಜೊತೆ ಸತಿ ಹೋದವಳದು. ಕೊಡೆ ಹಿಡಿದ ವಾಮನ ಅಥವಾ ಬರೀ ಲಿಂಗ ಇದ್ದರೆ ದಾನ ಕೊಟ್ಟ ಜಮೀನಿನ ಗಡಿಕಲ್ಲು ಇರಬಹುದು. ಸಾಮಾನ್ಯವಾಗಿ ವ್ರತ ಹಿಡಿದು ಉಪವಾಸದಿಂದ ಪ್ರಾಣ ಬಿಟ್ಟ ಜೈನರ ನೆನಪಿಗೆ ನಿಲ್ಲಿಸಿದ ನಿಸಿದಿಗಲ್ಲುಗಳು ಬೇರೆ.

ಹೊಸದೇನೋ ಸಿಕ್ಕಿತು ಅಂತ ಅನ್ನಿಸಿದರೆ ಮೊದಲು ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಸಂಪುಟ ತೆಗೆದು ನೋಡಿ. ಬಿ.ಎಲ್. ರೈಸ್ 1886ರಿಂದ ಹೊರತಂದ ಸಂಪುಟಗಳಲ್ಲಿ ತಾಲೂಕು, ಊರಿನ ಹೆಸರಿನಲ್ಲೇ ಶಾಸನಗಳಿವೆ. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮೂರಿನ ಹೆಸರಿದ್ದು ಕಲ್ಲು ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ಹಿರಿಯರನ್ನು ಕೇಳಿ. ಎಷ್ಟೋ ಕಲ್ಲುಗಳು ಬಟ್ಟೆ ಒಗೆಯೋ ಕಲ್ಲಾಗಿವೆ, ಮೋರಿಗೆ ಚಪ್ಪಡಿಯಾಗಿವೆ. ವೀರಣ್ಣ ಅಂತ ಪೂಜೆ ಮಾಡುವ ಕಡೆ ಎಣ್ಣೆ, ಕುಂಕುಮದ ಕೆಳಗೆ ಅಕ್ಷರ ಮುಚ್ಚಿಹೋಗಿರಬಹುದು, ಅಲ್ಲಿ ಪೂಜೆ ಮಾಡುವವರನ್ನು ಕೇಳದೆ ಕೈ ಹಾಕಬೇಡಿ.

ಆ ಸಂಪುಟಗಳಲ್ಲಿ ಇಲ್ಲದ್ದು ಈಗಲೂ ಸಿಗುತ್ತದೆ. ಸುಮಾರು 750ರ ಕಾಲದ ಕಿತ್ತಯ್ಯನ ವೀರಗಲ್ಲು ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳಕಿಗೆ ಬಂದಿದ್ದು 2018ರಲ್ಲಿ, ಅಷ್ಟು ಮನೆ, ಅಷ್ಟು ಟ್ರಾಫಿಕ್ ನಡುವೆ!

ಸಿಕ್ಕ ಕಲ್ಲನ್ನು ಜಾಗ ಬದಲಿಸಬೇಡಿ. ಯಾವ ಕೆರೆಯ ಹತ್ತಿರ, ಯಾವ ಗುಡಿಯ ಮುಂದೆ ಅನ್ನೋದೂ ಅದರ ಕಥೆಯ ಭಾಗವೇ ಅಲ್ವಾ. ಫೋಟೊ, ಅಳತೆ, ಮೊಬೈಲ್‌ನ ಲೊಕೇಶನ್, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಊರಿನವರು ಏನಂತ ಕರೆಯುತ್ತಾರೆ ಎಲ್ಲ ಬರೆದುಕೊಳ್ಳಿ. ಒಂದು ಪ್ರತಿ ರಾಜ್ಯ ಪುರಾತತ್ವ ಇಲಾಖೆಗೆ, ಇನ್ನೊಂದು ಗ್ರಾಮ ಪಂಚಾಯಿತಿಗೆ ಕೊಡಿ. ರಸ್ತೆ ಅಗಲ ಮಾಡುವ ಕೆಲಸ ಶುರುವಾಗಿದ್ದರೆ ಇವತ್ತೇ ಕೊಡಿ, ಜೆಸಿಬಿ ಓಡಿಸುವವರಿಗೂ ಕಲ್ಲನ್ನು ಕೈತೋರಿಸಿ ಹೇಳಿ ಬನ್ನಿ.